ಸೋರಿಯಾಸಿಸ್ ಇರುವವರ ಸೊಂಟವನ್ನೂ ಅಳೆಯಬೇಕು, ಏಕೆ?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಚರ್ಮದ ಡಾಕ್ಟರ ಮೇಜಿನ ಮೇಲೆ ಭೂತಗನ್ನಡಿ ಇರುತ್ತದೆ, ಟಾರ್ಚ್ ಇರುತ್ತದೆ. ಅವುಗಳ ಪಕ್ಕದಲ್ಲಿ ದರ್ಜಿಯ ಅಳತೆ ಟೇಪು, ಬಿಪಿ ನೋಡುವ ಯಂತ್ರ ಎರಡೂ ಇರಬೇಕು. ಸೋರಿಯಾಸಿಸ್ ಎಂದು ಬಂದ ಪ್ರತಿಯೊಬ್ಬರಿಗೂ ಅವನ್ನು ಬಳಸಬೇಕು. ಇವತ್ತಿನ ಮಾತೆಲ್ಲ ಅದು ಏಕೆ ಎಂಬುದರ ಬಗ್ಗೆಯೇ. ಮೊಣಕೈ, ಮಂಡಿ, ತಲೆಯ ಮೇಲೆ ಕಾಣುವ ಚಕ್ಕೆಗಳಿಗೆ ಮುಲಾಮು ಬರೆದು ಕಳಿಸಿದರೆ ಕೆಲಸ ಅರ್ಧವೂ ಮುಗಿದಿರುವುದಿಲ್ಲ.

ಮೊದಲು ಚರ್ಮದಲ್ಲಿ ಆಗುವುದೇನು ನೋಡೋಣ. ಹೊರಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೆಲ್ಲಗೆ ಮೇಲೆ ಸರಿಯುತ್ತದೆ, ತನ್ನೊಳಗಿನ ನ್ಯೂಕ್ಲಿಯಸ್ ಕಳೆದುಕೊಳ್ಳುತ್ತದೆ, ಚಪ್ಪಟೆಯಾಗಿ ಕಣ್ಣಿಗೆ ಕಾಣದಂತೆ ಉದುರಿಹೋಗುತ್ತದೆ. ಇದಕ್ಕೆ ಸುಮಾರು 28 ದಿನ ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ 3ರಿಂದ 5 ದಿನದಲ್ಲಿ ಮುಗಿದುಬಿಡುತ್ತದೆ. ಅಷ್ಟು ಅವಸರದಲ್ಲಿ ಕೋಶ ಬಲಿಯುವುದಿಲ್ಲ. ನ್ಯೂಕ್ಲಿಯಸ್ ಉಳಿದೇ ಇರುತ್ತದೆ, ಕೋಶಗಳು ಒಂದಕ್ಕೊಂದು ಅಂಟಿಕೊಂಡು ಬೆಳ್ಳಿಯಂಥ ಚಕ್ಕೆಯಾಗುತ್ತವೆ. ಅದರಡಿಯಲ್ಲಿ ಸಣ್ಣ ರಕ್ತನಾಳಗಳು ಉಬ್ಬಿ ಮೇಲ್ಮೈಗೆ ತೀರ ಹತ್ತಿರ ಬಂದಿರುತ್ತವೆ. ಹಾಗಾಗಿಯೇ ಚಕ್ಕೆ ಕಿತ್ತರೆ ಸೂಜಿ ಚುಚ್ಚಿದಂತೆ ರಕ್ತದ ಚುಕ್ಕಿಗಳು ಮೂಡುತ್ತವೆ.

ಪಠ್ಯಪುಸ್ತಕಗಳಲ್ಲಿ ‘ಕೆಂಪು ಕಲೆ’ ಎಂದು ಬರೆದಿರುತ್ತದೆ. ಆ ಚಿತ್ರಗಳು ಬಹುಪಾಲು ಬಿಳಿ ಚರ್ಮದವು. ನಮ್ಮ ಮೈಬಣ್ಣದಲ್ಲಿ ಕೆಂಪು ಅಡಗಿಹೋಗುತ್ತದೆ. ನೇರಳೆ, ಬೂದಿ ಅಥವಾ ಗಾಢ ಕಂದು ಬಣ್ಣವೇ ಕಾಣುತ್ತದೆ. ಅದನ್ನು ಹುಳುಕಡ್ಡಿ ಎಂದುಕೊಂಡು, ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಕ್ರೀಮನ್ನು ಮೆಡಿಕಲ್ ಸ್ಟೋರಿನಿಂದ ತಂದು ತಿಂಗಳುಗಟ್ಟಲೆ ಹಚ್ಚುವವರು ಬಹಳ. ಹಚ್ಚಿದಾಗ ಇಳಿಯುತ್ತದೆ, ಬಿಟ್ಟೊಡನೆ ಏರುತ್ತದೆ. ನಿಜವಾಗಿಯೂ ಹುಳುಕಡ್ಡಿಯೇ ಆಗಿದ್ದರೆ ಆ ಸ್ಟೀರಾಯ್ಡಿನಿಂದ ಅದರ ಅಂಚು ಅಳಿಸಿ, ಗುರುತೇ ಸಿಗದಂತೆ ಹರಡುತ್ತದೆ. ಅನುಮಾನವಿದ್ದರೆ ಅಂಚಿನ ಚಕ್ಕೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಶಿಲೀಂಧ್ರ ಇದೆಯೋ ಇಲ್ಲವೋ ಆಗಲೇ ತಿಳಿಯುತ್ತದೆ. ಅಗ್ಗದ ಪರೀಕ್ಷೆ ಇದು, ಆದರೂ ಮಾಡುವುದು ಕಡಿಮೆ.

ಇದು ಬರೀ ಚರ್ಮದ ಕಾಯಿಲೆಯಲ್ಲ ಎಂದು ವೈದ್ಯಲೋಕಕ್ಕೆ ಸುಳಿವು ಸಿಕ್ಕದ್ದು ಎರಡು ಸಲ, ಎರಡು ಸಲವೂ ಆಕಸ್ಮಿಕವಾಗಿ. 1951ರಲ್ಲಿ ಅಮೆರಿಕದಲ್ಲಿ ಕೀಲುವಾತಕ್ಕೆಂದು ಅಮಿನಾಪ್ಟೆರಿನ್ ಕೊಟ್ಟಾಗ, ಅವರಲ್ಲಿ ಸೋರಿಯಾಸಿಸ್ ಇದ್ದವರ ಚರ್ಮ ತಿಳಿಯಾಯಿತು. ಇಂದು ನಾವು ದಿನವೂ ಬರೆಯುವ ಮೆಥೊಟ್ರೆಕ್ಸೇಟ್ ಆ ಮದ್ದಿನ ತಮ್ಮ. ವೇಗವಾಗಿ ಹುಟ್ಟುವ ಚರ್ಮಕೋಶಗಳನ್ನು ಅದು ತಡೆಯಿತು ಎಂದೇ ಆಗ ಅರ್ಥ ಮಾಡಿಕೊಂಡರು. 1979ರಲ್ಲಿ ಸೈಕ್ಲೊಸ್ಪೊರಿನ್ ವಿಷಯದಲ್ಲೂ ಹೀಗೇ ಆಯಿತು. ಅದನ್ನೂ ಕೊಟ್ಟದ್ದು ಕೀಲಿಗೆ, ಗುಣ ಕಂಡದ್ದು ಚರ್ಮದಲ್ಲಿ. ಆದರೆ ಸೈಕ್ಲೊಸ್ಪೊರಿನ್ ಮುಖ್ಯವಾಗಿ ಹಿಡಿಯುವುದು ಟಿ ಕೋಶಗಳನ್ನು, ಅಂದರೆ ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳನ್ನು. ಹಾಗಾದರೆ ಚರ್ಮಕ್ಕೆ ಅವಸರ ಹಚ್ಚುತ್ತಿರುವವರು ಬೇರೆಯವರೇ ಎಂಬುದು ಅಲ್ಲಿಂದ ಸ್ಪಷ್ಟವಾಗತೊಡಗಿತು.

ಆ ಬೇರೆಯವರ ಸರಪಳಿ ಈಗ ಚೆನ್ನಾಗಿ ಗೊತ್ತಿದೆ. ಚರ್ಮದೊಳಗಿನ ಕಾವಲು ಕೋಶಗಳು ಐಎಲ್-23 ಎಂಬ ಸಂದೇಶ ಪ್ರೋಟೀನನ್ನು ಹೊರಬಿಡುತ್ತವೆ. ಅದನ್ನು ಪಡೆದ ಟಿ ಕೋಶಗಳು ಐಎಲ್-17 ಸುರಿಸುತ್ತವೆ. ಐಎಲ್-17 ಬಿದ್ದ ಚರ್ಮಕೋಶ ತಾನೂ ಬೇಗ ಬೇಗ ಒಡೆಯುತ್ತದೆ, ಇನ್ನಷ್ಟು ಬಿಳಿ ಕಣಗಳನ್ನು ಕೂಗಿ ಕರೆಯುತ್ತದೆ. ಟಿಎನ್‌ಎಫ್ ಎಂಬ ಇನ್ನೊಂದು ಪ್ರೋಟೀನು ಇಡೀ ಜಗಳಕ್ಕೆ ತುಪ್ಪ ಸುರಿಯುತ್ತದೆ. ಯಾರಲ್ಲಿ ಇದು ಶುರುವಾಗುತ್ತದೆ ಎಂಬುದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಎಚ್‌ಎಲ್‌ಎ-ಸಿ ಎಂಬ ಜೀನಿನ ಒಂದು ರೂಪ ಅದರಲ್ಲಿ ಮುಖ್ಯ. ಕಿಡಿ ಮಾತ್ರ ಹೊರಗಿನಿಂದಲೂ ಬರಬಹುದು. ಸ್ಟ್ರೆಪ್ಟೊಕಾಕಸ್ ಗಂಟಲು ನೋವಿನ ಎರಡು-ಮೂರು ವಾರಕ್ಕೆ ಮಕ್ಕಳಲ್ಲಿ, ಹರೆಯದವರಲ್ಲಿ ಮೈತುಂಬ ಮಳೆಹನಿಯಂಥ ಕಲೆ ಏಳುತ್ತವೆ. ಮನೋರೋಗಕ್ಕೆ ಕೊಡುವ ಲಿಥಿಯಂ, ಮಲೇರಿಯಾದ ಕ್ಲೊರೊಕ್ವಿನ್, ಬಿಪಿ-ಹೃದಯಕ್ಕೆ ಕೊಡುವ ಕೆಲವು ಬೀಟಾ ಬ್ಲಾಕರ್ ಮಾತ್ರೆಗಳು ಇದ್ದ ಕಾಯಿಲೆಯನ್ನು ಕೆರಳಿಸಬಹುದು. ಹಾಗೆಂದು ಬೀಟಾ ಬ್ಲಾಕರನ್ನು ತಾವೇ ನಿಲ್ಲಿಸಬಾರದು, ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯ. ಬದಲಿ ಮದ್ದು ಕೇಳಬೇಕು.

ಚರ್ಮಕ್ಕೆ ಪೆಟ್ಟಾದ ಜಾಗದಲ್ಲೂ ಹೊಸ ಕಲೆ ಏಳುತ್ತದೆ. ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನು ಗುರುತಿಸಿದ ಜರ್ಮನ್ ವೈದ್ಯ ಕೋಬ್ನರ್ ಹೆಸರಿನಲ್ಲೇ ಈ ಲಕ್ಷಣವನ್ನು ಕರೆಯುತ್ತೇವೆ. ನಮ್ಮಲ್ಲಿ ಲಂಗದ ಲಾಡಿ ಬಿಗಿಯುವ ಸೊಂಟದ ಗೆರೆ, ಚಪ್ಪಲಿಯ ಪಟ್ಟಿ ಉಜ್ಜುವ ಜಾಗ, ಸ್ನಾನದ ಮನೆಯ ಕಲ್ಲಿನಿಂದ ತಿಕ್ಕಿದ ಹಿಮ್ಮಡಿ ಇವೇ ಅದರ ತಾಣಗಳು. ಚಕ್ಕೆ ತೆಗೆಯಬೇಕೆಂದು ತಿಕ್ಕುವುದು ಬೇಡ. ಸ್ನಾನ ಮುಗಿಸಿ, ಮೈ ಇನ್ನೂ ತೇವವಿರುವಾಗಲೇ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿದರೆ ಚಕ್ಕೆ ತಾನಾಗಿ ಮೆತ್ತಗಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಐಎಲ್-17, ಟಿಎನ್‌ಎಫ್ ಇವು ಚರ್ಮದಲ್ಲೇ ಕಟ್ಟಿಹಾಕಿದಂತೆ ಇರುವುದಿಲ್ಲ. ಕೀಲಿನಲ್ಲೂ, ಕಣ್ಣಿನಲ್ಲೂ, ಕರುಳಿನಲ್ಲೂ, ರಕ್ತನಾಳದ ಗೋಡೆಯಲ್ಲೂ ಇವೇ ಪ್ರೋಟೀನುಗಳು ಉರಿಯೂತ ಎಬ್ಬಿಸುತ್ತವೆ.

ಕೀಲಿನಿಂದ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ತಡವಾದರೆ ಆದ ಹಾನಿ ಮರಳುವುದಿಲ್ಲ. ಸೋರಿಯಾಸಿಸ್ ಇರುವವರಲ್ಲಿ ನೂರಕ್ಕೆ ಮೂವತ್ತರವರೆಗೆ ಜನರಿಗೆ ಕೀಲಿನ ಕಾಯಿಲೆ ಬರುತ್ತದೆ. ಬಹುತೇಕರಲ್ಲಿ ಚರ್ಮದ್ದು ಮೊದಲು, ಕೀಲಿನದ್ದು ಅದಾದ ಎಷ್ಟೋ ವರ್ಷಕ್ಕೆ. ಅಂದರೆ ಯಾರಿಗೆ ಬರಬಹುದು ಎಂದು ನಮಗೆ ಮೊದಲೇ ಗೊತ್ತಿರುತ್ತದೆ. ಇಂಥ ಅವಕಾಶ ವೈದ್ಯಶಾಸ್ತ್ರದಲ್ಲಿ ಅಪರೂಪ, ನಾವದನ್ನು ಹಾಳುಮಾಡುತ್ತಿದ್ದೇವೆ.

ಸೋರಿಯಾಸಿಸ್ ವಾತ ಹೆಚ್ಚಾಗಿ ಹುಟ್ಟುವುದು ಸ್ನಾಯುರಜ್ಜು ಮೂಳೆಗೆ ಕಚ್ಚಿಕೊಳ್ಳುವ ಜಾಗದಲ್ಲಿ. ಹಾಗಾಗಿ ಮೊದಲ ದೂರು ‘ಹಿಮ್ಮಡಿ ನೋವು’ ಆಗಿರಬಹುದು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಕಾಲ ಕೈಕಾಲು ಬಿಗಿದಿದ್ದು, ಓಡಾಡಿದ ಮೇಲೆ ಸಡಿಲವಾದರೆ ಅದು ಉರಿಯೂತದ ನೋವು. ದಿನವಿಡೀ ದುಡಿದು ಸಂಜೆಗೆ ಹೆಚ್ಚಾಗುವುದು ಸವೆತದ ನೋವು. ಒಂದು ಬೆರಳು ಬುಡದಿಂದ ತುದಿಯವರೆಗೆ ಉಬ್ಬಿ ಬಾಳೆಹಣ್ಣಿನಂತಾದರೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಉಗುರನ್ನೂ ನೋಡಬೇಕು: ದರ್ಜಿಯ ಬೆರಳುಕಾಪಿನ ಮೇಲಿರುವಂಥ ಸಣ್ಣ ಸಣ್ಣ ಗುಳಿ, ಉಗುರಿನಡಿ ಎಣ್ಣೆ ಹನಿ ಬಿದ್ದಂಥ ಹಳದಿ ಕಲೆ, ಅಡಿಯ ಚರ್ಮ ಬಿಟ್ಟು ಮೇಲೆದ್ದ ಉಗುರು. ಉಗುರಿನ ಬೇರು ಬೆರಳಿನ ಕೊನೆಯ ಕೀಲಿನ ರಜ್ಜುವಿಗೇ ಹೆಣೆದುಕೊಂಡಿದೆ. ಉಗುರು ಕೆಟ್ಟವರಲ್ಲಿ ಆ ಕೀಲು ಕೆಡುವ ಸಂಭವ ಹೆಚ್ಚಾಗಲು ಅದೇ ಕಾರಣ.

ಬ್ರಿಟನ್ನಿನಲ್ಲಿ ರೂಪಿಸಿದ ‘ಪೆಸ್ಟ್’ ಎಂಬ ಐದು ಪ್ರಶ್ನೆಗಳ ಪಟ್ಟಿ ಇದೆ. ಎಂದಾದರೂ ಕೀಲು ಊದಿತ್ತೇ? ವಾತ ಇದೆಯೆಂದು ಡಾಕ್ಟರು ಹೇಳಿದ್ದುಂಟೇ? ಉಗುರಲ್ಲಿ ಗುಳಿಗಳಿವೆಯೇ? ಹಿಮ್ಮಡಿ ನೋವಿತ್ತೇ? ಕಾರಣವಿಲ್ಲದೆ ಇಡೀ ಬೆರಳು ಊದಿ ನೋಯುತ್ತಿತ್ತೇ? ಮೂರಕ್ಕೆ ಹೌದು ಎಂದರೆ ಕೀಲುವಾತ ತಜ್ಞರ ಬಳಿ ಹೋಗಬೇಕು. ಎರಡು ನಿಮಿಷದ ಕೆಲಸ, ಮನೆಯಲ್ಲೇ ಮಾಡಿಕೊಳ್ಳಬಹುದು.

ಇಲ್ಲಿ ಎರಡು ಎಡವಟ್ಟುಗಳು ಮತ್ತೆ ಮತ್ತೆ ಆಗುತ್ತವೆ. ಒಂದು, ರಕ್ತದಲ್ಲಿ ರುಮಟಾಯ್ಡ್ ಕೀಲುವಾತದ ಗುರುತಾದ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತೆಂದು ‘ವಾತ ಇಲ್ಲ’ ಎಂದುಬಿಡುವುದು. ಸೋರಿಯಾಸಿಸ್ ವಾತದಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ ಇರುತ್ತದೆ. ಉರಿಯೂತ ಅಳೆಯುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಕೂಡ ಎಷ್ಟೋ ಜನರಲ್ಲಿ ಸರಿಯಾಗಿಯೇ ಬರುತ್ತವೆ. ಎರಡನೆಯದು ನಮ್ಮ ಕಡೆಯದು. 2006ರಲ್ಲಿ ರಾಜ್ಯವಿಡೀ ಚಿಕೂನ್‌ಗುನ್ಯಾ ಹಬ್ಬಿದಾಗಿನಿಂದ ಯಾವ ಕೀಲು ನೋವು ಬಂದರೂ ಅದರ ತಲೆಗೆ ಕಟ್ಟುವ ಅಭ್ಯಾಸ ಬಂದುಬಿಟ್ಟಿದೆ. ಚಿಕೂನ್‌ಗುನ್ಯಾ ನೋವು ತಿಂಗಳುಗಟ್ಟಲೆ ಉಳಿಯುವುದು ನಿಜ. ಆದರೆ ಸೋರಿಯಾಸಿಸ್ ಇದ್ದು, ಉಗುರಲ್ಲಿ ಗುಳಿ ಇದ್ದು, ಬೆರಳು ಊದಿದ್ದರೆ ನೋವಿನ ಮಾತ್ರೆ ನುಂಗುತ್ತ ಕಾಯುವುದು ತಪ್ಪು. ಚಿಕಿತ್ಸೆ ಆರು ತಿಂಗಳು ತಡವಾದವರಲ್ಲೇ ಮೂಳೆ ಸವೆದು ಕೀಲು ಕೆಡುವುದು ಹೆಚ್ಚೆಂದು ಅಧ್ಯಯನದಲ್ಲಿ ಕಂಡಿದೆ.

ಹೃದಯದ ಮಾತು ಇದಕ್ಕಿಂತ ಸೂಕ್ಷ್ಮ. 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಿಂದ ಸೋರಿಯಾಸಿಸ್ ಇರುವ ಸುಮಾರು 1 ಲಕ್ಷ 30 ಸಾವಿರ ಜನರನ್ನು ನೋಡಿತು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ತೂಕ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ತೀವ್ರ ಸೋರಿಯಾಸಿಸ್ ಇರುವ 30 ವಯಸ್ಸಿನವರಲ್ಲಿ ಹೃದಯಾಘಾತದ ಅಪಾಯ ಆ ಕಾಯಿಲೆ ಇಲ್ಲದ ಅದೇ ವಯಸ್ಸಿನವರ ಮೂರು ಪಟ್ಟು ಇತ್ತು. 60ರ ವಯಸ್ಸಿನಲ್ಲಿ ಈ ಹೆಚ್ಚಳ ಶೇಕಡ 36. ಕಾಯಿಲೆ ಅಲ್ಪ ಪ್ರಮಾಣದಲ್ಲಿದ್ದರೆ 30ರಲ್ಲಿ ಶೇಕಡ 29, 60ರಲ್ಲಿ ಶೇಕಡ 8 ಮಾತ್ರ. ‘ಮೂರು ಪಟ್ಟು’ ಎಂಬುದನ್ನು ಕೇಳಿ ಹೆದರುವುದು ಬೇಡ. ಮೂವತ್ತರ ಹರೆಯದಲ್ಲಿ ಹೃದಯಾಘಾತವೇ ಅಪರೂಪ, ಅಪರೂಪದ ಮೂರು ಪಟ್ಟೂ ಸಣ್ಣ ಸಂಖ್ಯೆಯೇ. ಆದರೆ ಆ ಮನುಷ್ಯನ ಮುಂದೆ ಇನ್ನೂ ಐವತ್ತು ವರ್ಷವಿದೆ, ಉರಿಯೂತ ಅಷ್ಟು ಕಾಲವೂ ರಕ್ತನಾಳದೊಡನೆ ಇರುತ್ತದೆ. ಕಾಯಿಲೆ ಚಿಕ್ಕ ವಯಸ್ಸಿನಲ್ಲಿ ಬಂದಷ್ಟೂ, ಹರಡಿದಷ್ಟೂ ಗಮನ ಹೆಚ್ಚಿರಬೇಕು ಎಂಬುದಷ್ಟೇ ಆ ಅಂಕಿಗಳ ಅರ್ಥ.

ಹಾಗಾದರೆ ಚರ್ಮದ ಉರಿಯೂತ ತಗ್ಗಿಸಿದರೆ ಹೃದಯವೂ ಉಳಿಯುತ್ತದೆಯೇ? ಎಲ್ಲರೂ ಕೇಳುವ ಪ್ರಶ್ನೆ ಇದು, ಮಾರಾಟದ ಮಾತುಗಳಲ್ಲಿ ಇದಕ್ಕೆ ಸುಲಭದ ಉತ್ತರವೂ ಸಿಗುತ್ತದೆ. ಪ್ರಯೋಗಗಳು ಹೇಳುವುದು ಅಷ್ಟು ಸುಲಭವಾಗಿಲ್ಲ. 2017ರಲ್ಲಿ ಬಂದ ಪ್ರಯೋಗವೊಂದರಲ್ಲಿ, ಒಮ್ಮೆ ಹೃದಯಾಘಾತವಾಗಿ ಸಿಆರ್‌ಪಿ ಹೆಚ್ಚಿದ್ದ ಸುಮಾರು ಹತ್ತು ಸಾವಿರ ಜನರಿಗೆ ಐಎಲ್-1 ಎಂಬ ಮತ್ತೊಂದು ಉರಿಯೂತದ ಪ್ರೋಟೀನನ್ನು ತಡೆಯುವ ಕನಾಕಿನುಮ್ಯಾಬ್ ಕೊಟ್ಟು ನೋಡಿದಾಗ ಮತ್ತೆ ಹೃದಯಾಘಾತ ಆಗುವುದು ಕಡಿಮೆಯಾಯಿತು. ಉರಿಯೂತ ತಗ್ಗಿಸಿದರೆ ಹೃದಯಕ್ಕೆ ಲಾಭವಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ 2019ರಲ್ಲಿ ಕಡಿಮೆ ಡೋಸಿನ ಮೆಥೊಟ್ರೆಕ್ಸೇಟನ್ನು ಇಂಥದೇ ಹೃದ್ರೋಗಿಗಳಲ್ಲಿ ನೋಡಿದಾಗ ಏನೂ ಲಾಭವಾಗಲಿಲ್ಲ. ಸೋರಿಯಾಸಿಸ್ ಇರುವವರಿಗೇ ಟಿಎನ್‌ಎಫ್ ತಡೆಯುವ ಅಡಾಲಿಮುಮ್ಯಾಬ್ ಕೊಟ್ಟು, ಮಹಾಧಮನಿಯ ಉರಿಯೂತವನ್ನು ಪೆಟ್ ಸ್ಕ್ಯಾನಿನಲ್ಲಿ ಅಳೆದ ಪ್ರಯೋಗದಲ್ಲಿ, ಚರ್ಮ ತಿಳಿಯಾದರೂ ಧಮನಿಯ ಉರಿಯೂತ ಹುಸಿಮದ್ದು ಪಡೆದವರಿಗಿಂತ ತಗ್ಗಲಿಲ್ಲ.

ಚರ್ಮ ಸ್ವಚ್ಛವಾದ ಮಾತ್ರಕ್ಕೆ ಹೃದಯ ಸುರಕ್ಷಿತ ಎಂದು ಯಾರೂ ಭರವಸೆ ಕೊಡುವಂತಿಲ್ಲ. ಬಿಪಿ, ಸಕ್ಕರೆ, ಎಲ್‌ಡಿಎಲ್ ಕೊಲೆಸ್ಟ್ರಾಲ್, ಬೀಡಿ-ಸಿಗರೇಟು ಇವುಗಳನ್ನು ಒಂದೊಂದಾಗಿ, ಬೇರೆಯಾಗಿಯೇ ಹಿಡಿಯಬೇಕು. ಅಮೆರಿಕದ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿ ಸೋರಿಯಾಸಿಸನ್ನು ಅಪಾಯ ಹೆಚ್ಚಿಸುವ ಅಂಶವೆಂದು ಹೆಸರಿಸಿದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೋ ಬೇಡವೋ ಎಂಬ ಅನುಮಾನದ ಗೆರೆಯಲ್ಲಿರುವವರಿಗೆ ಈ ಕಾಯಿಲೆ ತಕ್ಕಡಿಯನ್ನು ‘ಬೇಕು’ ಕಡೆಗೆ ವಾಲಿಸುತ್ತದೆ. ಇದನ್ನು ನಿಮ್ಮ ಮನೆ ಡಾಕ್ಟರಿಗೆ ನೀವೇ ನೆನಪಿಸಬಹುದು.

ಟೇಪಿನ ಕೆಲಸ ಇಲ್ಲಿ ಬರುತ್ತದೆ. ಹೊಟ್ಟೆಯ ಸುತ್ತಲಿನ ಕೊಬ್ಬು ಸುಮ್ಮನೆ ಕುಳಿತ ಉಗ್ರಾಣವಲ್ಲ; ಅದೇ ಟಿಎನ್‌ಎಫ್ ಅನ್ನು, ಐಎಲ್-6 ಅನ್ನು ತಾನೂ ತಯಾರಿಸುತ್ತದೆ. ಬೊಜ್ಜು ಸೋರಿಯಾಸಿಸನ್ನು ಹೆಚ್ಚಿಸುತ್ತದೆ, ಸೋರಿಯಾಸಿಸ್ ಇರುವವರಲ್ಲಿ ಬೊಜ್ಜು, ಮಧುಮೇಹ, ಪಿತ್ತಜನಕಾಂಗದ ಕೊಬ್ಬು ಹೆಚ್ಚು. ಅಳೆಯುವುದು ಹೀಗೆ: ಪಂಚೆ, ಬೆಲ್ಟು, ಲಾಡಿ ಸಡಿಲಿಸಿ ನಿಲ್ಲಬೇಕು. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು ಇವೆರಡರ ನಡುಮಧ್ಯೆ ಟೇಪು ಸುತ್ತಬೇಕು. ಉಸಿರು ಸಹಜವಾಗಿ ಹೊರಬಿಟ್ಟ ಕೊನೆಯಲ್ಲಿ ಓದಬೇಕು, ಹೊಟ್ಟೆ ಒಳಗೆಳೆಯಬಾರದು. ನಮ್ಮ ಜನಕ್ಕೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಗಡಿ. ಅದರ ಜೊತೆ ವರ್ಷಕ್ಕೊಮ್ಮೆಯಾದರೂ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆ.

ಊಟದ ಬಗ್ಗೆ ನಮ್ಮಲ್ಲಿ ‘ನಂಜು’ ಎಂಬ ಮಾತಿದೆ. ಬದನೆಕಾಯಿ ಬೇಡ, ಹಲಸು ಬೇಡ, ಮೀನು ಬೇಡ ಎಂದು ಮನೆಯವರು ಒಂದೊಂದೇ ತೆಗೆಯುತ್ತ ಹೋಗುತ್ತಾರೆ. ಬದನೆಕಾಯಿ ಬಿಟ್ಟರೆ ಸೋರಿಯಾಸಿಸ್ ಇಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ತೂಕ ಹೆಚ್ಚಿರುವವರು ತೂಕ ಇಳಿಸಿದರೆ ಇಳಿಯುತ್ತದೆ ಎಂಬುದಕ್ಕೆ ಆಧಾರವಿದೆ, ಮದ್ದು ನಾಟುವುದೂ ಆಗ ಚೆನ್ನಾಗಿ. ತಟ್ಟೆಯಲ್ಲಿ ಅನ್ನದ ಗುಡ್ಡ ಚಿಕ್ಕದಾಗಿ, ಸೊಪ್ಪು, ಕಾಳು, ಪಲ್ಯ ದೊಡ್ಡದಾಗಲಿ. ಸಂಜೆಯ ಬೋಂಡಾ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಕಾಫಿ ಕಡಿಮೆಯಾಗಲಿ. ಬಿಡಲೇಬೇಕಾದದ್ದು ಹೆಂಡ ಮತ್ತು ಹೊಗೆ. ಅಂಗೈ-ಅಂಗಾಲಿನಲ್ಲಿ ಕೀವುಗುಳ್ಳೆ ಏಳುವ ಬಗೆಗಂತೂ ಧೂಮಪಾನದ ನಂಟು ಬಹಳ ಗಟ್ಟಿ.

ಕಣ್ಣು ಮತ್ತು ಕರುಳಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ಚುಚ್ಚುವಂತಾದರೆ ಅದನ್ನು ‘ಮದ್ರಾಸ್ ಐ’ ಎಂದುಕೊಂಡು ಕೂರಬೇಡಿ, ಕಣ್ಣೊಳಗಿನ ಉರಿಯೂತವಿರಬಹುದು, ಅಂದೇ ತೋರಿಸಿ. ವಾರಗಟ್ಟಲೆ ಭೇದಿ, ರಕ್ತ, ತೂಕ ಇಳಿಕೆ ಇದ್ದರೆ ಕರುಳಿನ ಕ್ರೋನ್ಸ್ ಕಾಯಿಲೆ ಇದೆಯೇ ನೋಡಬೇಕು. ಇದು ಮದ್ದಿನ ಆಯ್ಕೆಯನ್ನೂ ಬದಲಿಸುತ್ತದೆ: ಐಎಲ್-17 ತಡೆಯುವ ಚುಚ್ಚುಮದ್ದು ಕ್ರೋನ್ಸ್ ಕಾಯಿಲೆಯನ್ನು ಕೆರಳಿಸಬಲ್ಲದು.

ಮನಸ್ಸಿನ ಬಗ್ಗೆ ಮಾತ್ರ ಚುಟುಕಾಗಿ ಮುಗಿಸಲಾರೆ. ಹತ್ತೊಂಬತ್ತನೇ ಶತಮಾನದವರೆಗೂ ಇದನ್ನು ಕುಷ್ಠದೊಡನೆ ಬೆರೆಸಿ ನೋಡುತ್ತಿದ್ದರು. 1841ರಲ್ಲಿ ವಿಯೆನ್ನಾದ ಚರ್ಮವೈದ್ಯ ಹೆಬ್ರಾ ಎರಡೂ ಬೇರೆ ಎಂದು ಖಚಿತವಾಗಿ ಬಿಡಿಸಿದರು. ನಮ್ಮ ಊರುಗಳಲ್ಲಿ ಆ ಬೆರಕೆ ಇಂದೂ ಪೂರ್ತಿ ಬಿಟ್ಟಿಲ್ಲ. ಸೋರಿಯಾಸಿಸ್ ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಒಂದೇ ಕ್ಷೌರದ ಅಂಗಡಿಗೆ ಹೋದರೆ ಅಂಟುವುದಿಲ್ಲ. ತಂದೆತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಇದು ಗೊತ್ತಿಲ್ಲದೆ ಸಂಬಂಧಗಳು ಮುರಿಯುತ್ತವೆ, ಕಾಯಿಲೆ ಇರುವವರು ಖಿನ್ನತೆಗೆ ಜಾರುತ್ತಾರೆ. 2014ರಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಬಗ್ಗೆ ಪ್ರತ್ಯೇಕ ನಿರ್ಣಯ ಮಾಡುವಾಗ ಈ ಕಳಂಕವನ್ನೂ ಹೆಸರಿಸಿತು. ನಿದ್ದೆ, ಉತ್ಸಾಹ, ಬದುಕುವ ಆಸೆ ಹೇಗಿದೆ ಎಂದು ಡಾಕ್ಟರು ಕೇಳಲೇಬೇಕು. ಕೇಳದಿದ್ದರೆ ನೀವು ಹೇಳಿ.

ಇನ್ನು ಮದ್ದು. ಮುಲಾಮಿನಲ್ಲಿ ಆಗುವ ತಪ್ಪು ಪ್ರಮಾಣದ್ದು. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಬೆರಳೂ ಸೇರಿ ಒಂದು ಅಂಗೈ ಎಂದರೆ ಮೈಯ ಸುಮಾರು ಶೇಕಡ 1. ಹತ್ತು ಅಂಗೈಯಷ್ಟು ಕಾಯಿಲೆ ಇದ್ದರೆ ಒಂದು ಸಲಕ್ಕೆ ಎರಡೂವರೆ ಗ್ರಾಂ, ದಿನಕ್ಕೆರಡು ಸಲಕ್ಕೆ ಐದು ಗ್ರಾಂ. 30 ಗ್ರಾಂ ಟ್ಯೂಬು ಆರೇ ದಿನಕ್ಕೆ ಮುಗಿಯುತ್ತದೆ. ಅದನ್ನು ಎರಡು ತಿಂಗಳು ಎಳೆದರೆ ‘ಮದ್ದು ನಾಟಲಿಲ್ಲ’ ಎನ್ನುವಂತಿಲ್ಲ. ಅತ್ತ ಕ್ಲೊಬೆಟಸಾಲ್‌ನಂಥ ಬಲವಾದ ಸ್ಟೀರಾಯ್ಡನ್ನು ವಾರಕ್ಕೆ 50 ಗ್ರಾಂ ಮೀರಬಾರದು, ಎರಡು ವಾರ ಆದ ಮೇಲೆ ಡಾಕ್ಟರಿಗೆ ತೋರಿಸದೆ ಮುಂದುವರಿಸಬಾರದು. ಮುಖ, ಕಂಕುಳು, ತೊಡೆಸಂದಿಗೆ ಹಚ್ಚಲೇಬಾರದು. ಕಾಯಿಲೆ ಹತ್ತು ಅಂಗೈ ಮೀರಿದರೆ ಮುಲಾಮನ್ನೇ ನಂಬಿ ಕೂರುವ ಬದಲು 311 ನ್ಯಾನೊಮೀಟರ್ ಅತಿನೇರಳೆ ಬೆಳಕಿನ ಚಿಕಿತ್ಸೆ ಅಥವಾ ಮಾತ್ರೆಯ ಬಗ್ಗೆ ಕೇಳುವುದು ಲೇಸು.

ಸ್ಟೀರಾಯ್ಡ್ ಮಾತ್ರೆ, ಸ್ಟೀರಾಯ್ಡ್ ಇಂಜೆಕ್ಷನ್, ಹೆಸರಿಲ್ಲದ ಪುಡಿಯಲ್ಲಿ ಅಡಗಿಸಿ ಕೊಡುವ ಸ್ಟೀರಾಯ್ಡ್ ಸೋರಿಯಾಸಿಸ್‌ಗೆ ಬೇಡವೇ ಬೇಡ. ವಾರದಲ್ಲಿ ಪವಾಡದಂತೆ ಇಳಿಯುತ್ತದೆ. ನಿಲ್ಲಿಸಿದ ಮೇಲೆ ಮೈಯೆಲ್ಲ ಕೀವುಗುಳ್ಳೆ ಏಳಬಹುದು, ಇಲ್ಲವೇ ಅಡಿಯಿಂದ ಮುಡಿಯವರೆಗೆ ಚರ್ಮ ಕೆಂಪಾಗಿ ಸುಲಿಯಬಹುದು. ಆಗ ಮೈಯ ಶಾಖ, ನೀರು, ಪ್ರೋಟೀನು ಸೋರಿಹೋಗುತ್ತವೆ. ಚಳಿ ನಡುಕ, ಕಾಲು ಬಾವು, ಸೋಂಕು, ಹೃದಯದ ಮೇಲೆ ಭಾರ. ಅದು ಆಸ್ಪತ್ರೆಗೆ ಸೇರಿಸಬೇಕಾದ ತುರ್ತು.

ಮೆಥೊಟ್ರೆಕ್ಸೇಟ್ ಹಳೆಯ, ಅಗ್ಗದ, ಚರ್ಮಕ್ಕೂ ಕೀಲಿಗೂ ಒದಗುವ ಮದ್ದು. ಇದನ್ನು ನುಂಗುವುದು ವಾರಕ್ಕೆ ಒಂದೇ ದಿನ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ, ಏಕೆಂದರೆ ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. 2.5 ಮಿಲಿಗ್ರಾಂ ಮಾತ್ರೆಯಾದರೆ ವಾರಕ್ಕೆ 15 ಮಿಲಿಗ್ರಾಂ ಎಂದರೆ ಆ ಒಂದು ದಿನ ಆರು ಮಾತ್ರೆ. ಮಾತ್ರೆಗಳು ಬೇರೆ ಬೇರೆ ಬಲದಲ್ಲಿ ಬರುತ್ತವೆ, ಎಣಿಕೆಯ ಜೊತೆ ಮಿಲಿಗ್ರಾಂ ಕೂಡ ಓದಬೇಕು. ‘ಬುಧವಾರ’ ಎಂದು ವಾರದ ಹೆಸರನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ. ಫಾಲಿಕ್ ಆಮ್ಲ ಬೇರೆ ದಿನ. ಎರಡೂ ಹಳದಿ ಗುಳಿಗೆಗಳಾಗಿದ್ದರೆ ಬೇರೆ ಬೇರೆ ಡಬ್ಬಿಯಲ್ಲಿಡಿ. ಶುರುಮಾಡುವ ಮೊದಲು ರಕ್ತಕಣಗಳ ಎಣಿಕೆ, ಲಿವರ್, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಬೇಕು. ಶುರುವಾದ ಮೇಲೆ ರಕ್ತಪರೀಕ್ಷೆ ಮೊದಲು ಬೇಗ ಬೇಗ, ಡೋಸು ಒಂದೇ ಮಟ್ಟದಲ್ಲಿ ಸ್ಥಿರವಾದ ಮೇಲೆ ಮೂರು ತಿಂಗಳಿಗೊಮ್ಮೆ. ಬಾಯಿಹುಣ್ಣು, ಜ್ವರ, ಚರ್ಮದಡಿ ರಕ್ತದ ಕಲೆ, ಒಣಕೆಮ್ಮು, ಏದುಸಿರು ಕಂಡರೆ ಮುಂದಿನ ಡೋಸು ನಿಲ್ಲಿಸಿ ಅಂದೇ ಡಾಕ್ಟರ ಬಳಿ ಹೋಗಬೇಕು. ವಾಂತಿಭೇದಿಯಾಗಿ ನೀರು ಕಳೆದುಕೊಂಡ ವಯಸ್ಸಾದವರಲ್ಲಿ ಮೂತ್ರಪಿಂಡ ಮದ್ದನ್ನು ಹೊರಹಾಕಲಾರದೆ ವಿಷವೇರುತ್ತದೆ. ಕೋಟ್ರೈಮಾಕ್ಸಜೋಲ್ ಎಂಬ ಸಾಮಾನ್ಯ ಆಂಟಿಬಯೋಟಿಕ್ ಇದರೊಡನೆ ಸೇರಬಾರದು. ಬೇರೆ ಯಾವ ಡಾಕ್ಟರ ಬಳಿ ಹೋದರೂ ‘ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಮೊದಲೇ ಹೇಳಿ. ಗರ್ಭಿಣಿಯರಿಗೆ, ಗರ್ಭಿಣಿಯಾಗಬೇಕೆಂದಿರುವವರಿಗೆ ಇದು ನಿಷಿದ್ಧ. ಹೆಂಡ ಮತ್ತು ಕೊಬ್ಬು ತುಂಬಿದ ಲಿವರ್ ಜೊತೆಗಿದ್ದರೆ ಲಿವರಿಗೆ ಅಪಾಯ ಹಲವು ಪಟ್ಟು. ಸೊಂಟದ ಅಳತೆ ಇಲ್ಲಿ ಮದ್ದಿನ ಆಯ್ಕೆಗೂ ಬೇಕಾಗುತ್ತದೆ.

ಬಯಾಲಜಿಕ್ ಚುಚ್ಚುಮದ್ದುಗಳು ಸರಪಳಿಯ ಒಂದೊಂದು ಕೊಂಡಿಯನ್ನೇ ಕತ್ತರಿಸುತ್ತವೆ. 2013ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಸೋರಿಯಾಸಿಸ್‌ಗೆಂದು ತಂದ ಇಟೊಲಿಝುಮ್ಯಾಬ್ ಟಿ ಕೋಶದ ಮೇಲಿನ ಸಿಡಿ6 ಎಂಬ ಕೊಂಡಿಯನ್ನು ಹಿಡಿಯುವಂಥದ್ದು. ಅಡಾಲಿಮುಮ್ಯಾಬ್‌ನ ತದ್ರೂಪಿ ಮದ್ದುಗಳೂ ನಮ್ಮ ದೇಶದಲ್ಲೇ ತಯಾರಾಗುತ್ತಿವೆ. ಭಾರತದಲ್ಲಿ ಇವುಗಳ ದೊಡ್ಡ ತೊಡಕು ಕ್ಷಯ. ಎಷ್ಟೋ ಜನರಲ್ಲಿ ಕ್ಷಯದ ಕ್ರಿಮಿ ಮಲಗಿರುತ್ತದೆ; ಅದನ್ನು ಸುತ್ತ ಗೋಡೆ ಕಟ್ಟಿ ಬಂಧಿಸಿಟ್ಟಿರುವುದು ಟಿಎನ್‌ಎಫ್. ಆ ಟಿಎನ್‌ಎಫ್ ಅನ್ನೇ ತಡೆದರೆ ಗೋಡೆ ಕುಸಿಯುತ್ತದೆ. ಆದ್ದರಿಂದ ಎದೆಯ ಎಕ್ಸ್‌ರೇ, ಮಲಗಿದ ಕ್ಷಯ ಪತ್ತೆಹಚ್ಚುವ ಚರ್ಮದ ಮಾಂಟೂ ಅಥವಾ ರಕ್ತದ ಇಗ್ರಾ ಪರೀಕ್ಷೆ ಮಾಡಿಸದೆ ಮೊದಲ ಚುಚ್ಚುಮದ್ದು ಬೇಡ. ಮಲಗಿದ ಕ್ಷಯ ಕಂಡರೆ ಅದರ ಚಿಕಿತ್ಸೆ ಮೊದಲು ಶುರುವಾಗಬೇಕು. ಆಮೇಲೂ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಕಂಡರೆ ಕಾಯಬೇಡಿ. ಹೃದಯ ಸೋತು ಏದುಸಿರು ಇರುವವರಿಗೆ ಟಿಎನ್‌ಎಫ್ ತಡೆಯುವ ಮದ್ದು ಕೊಡುವುದಿಲ್ಲ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಚೀಟಿಯ ಹಿಂಬದಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಎಷ್ಟು ಅಂಗೈ ಕಾಯಿಲೆ, ಬೆಳಗಿನ ಬಿಗಿತ ಎಷ್ಟು ನಿಮಿಷ, ಐದು ಪ್ರಶ್ನೆಗಳಲ್ಲಿ ಎಷ್ಟು ಹೌದು, ಸೊಂಟ ಎಷ್ಟು ಸೆಂಟಿಮೀಟರ್, ಕೊನೆಯ ಸಲ ಬಿಪಿ ಮತ್ತು ಸಕ್ಕರೆ ನೋಡಿದ್ದು ಯಾವಾಗ, ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು. ಕೈಕಾಲು ಉಗುರಿಗೆ ಬಣ್ಣ ಹಚ್ಚಿದ್ದರೆ ಹಿಂದಿನ ರಾತ್ರಿಯೇ ತೆಗೆದು ಹೋಗಿ, ಗುಳಿಗಳು ಬಣ್ಣದಡಿ ಕಾಣುವುದಿಲ್ಲ.